ಅಪ್ಪನ ಪಾರ್ಟು

"ನಿನಗೆ ಮಾನ ಮರ್ಯಾದೆ ಏನಾದ್ರೂ ಇದೆಯೇನಯ್ಯಾ? ಹೆಂಡತಿ ದುಡಿದದ್ದು, ಮಗಳು ದುಡಿದದ್ದು, ಎಲ್ಲಾ ಗಂಟಲಿಗೆ ಸುರ್ಕೊಂಡು, ಈಗ ಇಲ್ಲಿ ಬಂದು ಕೈ ನಡುಗಿಸ್ತಾ ಕೂತಿದ್ದೀಯಲ್ಲ! ನಿನ್ನಂಥವನಿಗೆ ಔಷಧಿ ಕೊಡೋದೂ ಒಂದೇ, ಅದನ್ನ ಚರಂಡಿಗೆ ಚೆಲ್ಲೋದೂ ಒಂದೇ. ಏಳು, ಎದ್ದು ಹೊರಗೆ ನಡಿ!"

ದಪ್ಪ ಕನ್ನಡಕದ ಡಾಕ್ಟರು ಮೇಜಿಗೆ ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿತು. ಕೋಣೆಯ ತುಂಬ ಕೂತಿದ್ದ ನರ್ಸುಗಳು, ಕಾಂಪೌಂಡರುಗಳು, ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತೆಯರು ಪಿಟ್ಟೆನ್ನದೆ ನೋಡುತ್ತಿದ್ದರು. ಎದುರಿನ ಕುರ್ಚಿಯಲ್ಲಿದ್ದವನು ತಲೆ ತಗ್ಗಿಸಿದ. ಅವನ ಎಡಗೈ ತೊಡೆಯ ಮೇಲೆ ಪಟಪಟ ನಡುಗುತ್ತಿತ್ತು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬೇರೆಯೇ ದನಿಯಲ್ಲಿ, "ನೋಡಿದ್ರಲ್ಲ? ಹೀಗೆ ಮಾತಾಡಬಾರದು. ಬರ್ಕೊಳ್ಳಿ," ಎಂದರು.

ಎಲ್ಲರೂ ಬರೆದುಕೊಂಡರು. ಬೈಗುಳವನ್ನೂ ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದುಕೊಳ್ಳುವ ಜನ! ಬೈಸಿಕೊಂಡವನ ಕಿವಿ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಅದನ್ನು ಬರೆದುಕೊಳ್ಳಲು ಯಾರ ಪೆನ್ನಿಗೂ ಪುರುಸೊತ್ತಿರಲಿಲ್ಲ.

ಅವನು ರೋಗಿಯೇನೂ ಅಲ್ಲ, ಮೂರನೇ ಸಾಲಿನಲ್ಲಿ ಕೂತಿದ್ದ ನರ್ಸಿನ ತಮ್ಮ. ಮನೆಯಲ್ಲಿ ಅವನಿಗೆ ಕುಕ್ಕರ್ ಅಂತಲೇ ಹೆಸರು. ಇಟ್ಟವಳು ಅಜ್ಜಿ. "ಒಳಗೆ ಏನು ಬೇಯ್ತಿದೆ ಅಂತ ಒಬ್ಬರಿಗೂ ಗೊತ್ತಿಲ್ಲ, ಸೀಟಿ ಮಾತ್ರ ಇಡೀ ಬೀದಿಗೆ ಕೇಳುತ್ತೆ" ಎಂದು ಅವಳ ವಿವರಣೆ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಜೊತೆ ಜಗಳವಾಡಿ ಶಾಲೆ ಬಿಟ್ಟವನು, ಈಗ ಸುಟ್ಟುಹೋದ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವತ್ತು ಅಕ್ಕ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ಬಂದವನು. ನರ್ಸುಗಳ ತರಬೇತಿಯಲ್ಲಿ ರೋಗಿಯ ಪಾರ್ಟು ಮಾಡಬೇಕಿದ್ದ ನಾಟಕದವನು ಕೈಕೊಟ್ಟಿದ್ದ. ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತವನನ್ನು ಕಂಡು ಡಾಕ್ಟರು, "ಏನಪ್ಪಾ, ಹತ್ತು ನಿಮಿಷ ಕುಡುಕ ಆಗ್ತೀಯಾ?" ಎಂದು ಕೇಳಿದ್ದರು.

ಆದ. ಅದಕ್ಕೆ ಅವನೇನೂ ತಿಣುಕಬೇಕಾಗಿ ಬರಲಿಲ್ಲ.

ಎರಡನೆಯ ಸಲ ಡಾಕ್ಟರು ಸರಿಯಾದ ರೀತಿ ತೋರಿಸಿದರು. "ಬನ್ನಿ, ಕೂತ್ಕೊಳ್ಳಿ. ನೀರು ಬೇಕಾ? ಇಲ್ಲಿ ತನಕ ಬಂದ್ರಲ್ಲ, ಅದೇ ದೊಡ್ಡದು." ಕುಕ್ಕರ್ ಮತ್ತೆ ಹೆಗಲು ಇಳಿಬಿಟ್ಟ, ಮತ್ತೆ ಎಡಗೈ ನಡುಗಿಸಿದ, ಮಾತಿನ ಕೊನೆ ನುಂಗಿದ. ಯಾರೋ ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದರು. ಮುಗಿದಾಗ ಚಪ್ಪಾಳೆ ಬಿತ್ತು.

"ಎಲ್ಲಿ ಕಲಿತೆಯಪ್ಪಾ ಇಷ್ಟು ಚೆನ್ನಾಗಿ?"

"ಮನೇಲಿ."

ಎಲ್ಲರೂ ನಕ್ಕರು. ಮೂರನೇ ಸಾಲಿನಲ್ಲಿ ಒಬ್ಬಳು ನಗಲಿಲ್ಲ.

ಬಸ್ಸಿನಲ್ಲಿ ಅಕ್ಕ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮನ ಕಡೆ ತಿರುಗಿದಳು.

"ಯಾರ ಥರ ಮಾಡಿದೆ ನೀನು?"

"ಯಾರ ಥರಾನೂ ಇಲ್ಲ."

"ಸುಳ್ಳು ಬೊಗಳಬೇಡ. ಆ ಹೆಗಲು ಕೂಡ ಅಪ್ಪಂದೇ."

"ಇದ್ರೆ ಇರ್ಲಿ ಬಿಡು! ಅವನು ಮನೇಲಿ ಪುಕ್ಕಟೆ ತೋರಿಸಿದ್ದನ್ನ ನಾನು ಅಲ್ಲಿ ತೋರಿಸ್ದೆ. ಚಪ್ಪಾಳೆ ಹೊಡೀಲಿಲ್ವಾ ನಿಮ್ಮೋರು?"

"ಅಪ್ಪನಿಗೆ ಗೊತ್ತಾದ್ರೆ ಮತ್ತೆ ಕುಡಿಯೋಕೆ ಶುರು ಹಚ್ಕೋತಾನೆ ಕಣೋ," ಎಂದಳು ಅಕ್ಕ. ಕುಕ್ಕರ್ ಕಿಟಕಿಯ ಕಡೆ ತಿರುಗಿಕೊಂಡ. ಸೀಟಿ ಹೊಡೆಯಲಿಲ್ಲ.

ಅಪ್ಪ ಕಸದ ಲಾರಿಯ ಡ್ರೈವರ್ ಆಗಿದ್ದವನು. ಕುಡಿದು ಡಿಪೋದ ಗೇಟಿಗೇ ಲಾರಿ ನುಗ್ಗಿಸಿದ ಮೇಲೆ ಕೀಲಿ ಕಿತ್ತುಕೊಂಡು ಪೊರಕೆ ಕೊಟ್ಟಿದ್ದರು. ಈಗ ಅದೇ ಗೇಟಿನೊಳಗೆ ಕಸ ಗುಡಿಸುತ್ತಿದ್ದ. ಕುಡಿತ ಬಿಡಿಸಿಕೊಳ್ಳಬೇಕು, ತಲೆಯೊಳಗಿನ ಗದ್ದಲ ಕಡಿಮೆಯಾಗಬೇಕು ಅಂದರೆ ರೈಲು ಹಳಿಯಾಚೆಯ ಅವರ ಬಡಾವಣೆಯಿಂದ ದೊಡ್ಡಾಸ್ಪತ್ರೆಗೆ ಮೂರು ಬಸ್ಸು. ಎರಡನೆಯ ಬಸ್ಸು ನಿಲ್ಲುವುದೇ ಹೆಂಡದಂಗಡಿಯ ಎದುರು. ಅಪ್ಪ ಹಿಂದೆ ಎರಡು ಸಲ ಹೊರಟು ಎರಡು ಸಲವೂ ಅಲ್ಲೇ ಇಳಿದಿದ್ದ. ಇಂಥ ಬಡಾವಣೆಗಳಿಗೆ ದೊಡ್ಡ ಡಾಕ್ಟರು ಬರುವುದಿಲ್ಲ, ಇರುವ ನರ್ಸುಗಳಿಗೇ ಕಲಿಸೋಣ ಅಂತ ಹೊರಟಿದ್ದೇ ಈ ತರಬೇತಿ. ಕಲಿಯುವಾಗಲೇ ಅಕ್ಕ ತನ್ನ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಮಧ್ಯಾಹ್ನ ಅಂಥ ರೋಗಿಗಳನ್ನು ನೋಡುತ್ತಿದ್ದಳು. ಮಾತ್ರೆಯೂ ಅಲ್ಲೇ ಸಿಗುತ್ತಿತ್ತು. ಮೊದಲ ದಿನದ ಮೊದಲ ರೋಗಿ ಅಪ್ಪನೇ. ಅವಳು ಕೊನೆಯ ಪರೀಕ್ಷೆ ಪಾಸಾದರೆ ಆ ಮಧ್ಯಾಹ್ನ ಉಳಿಯುತ್ತದೆ. ಫೇಲಾದರೆ ಮಾತ್ರೆ ದೊಡ್ಡಾಸ್ಪತ್ರೆಗೆ ವಾಪಸ್ಸು, ಮತ್ತೆ ಮೂರು ಬಸ್ಸು.

ಅಪ್ಪ ಬಾಟಲಿ ಮುಟ್ಟದೆ ಒಂದೂವರೆ ತಿಂಗಳಾಗಿತ್ತು. ಆದರೆ ಮನೆಯಲ್ಲಿ ನೆಮ್ಮದಿಯ ಬದಲು ಕಾವಲು ಬಂದು ಕೂತಿತ್ತು. ಗೇಟು ಕಿರ್ ಎಂದರೆ ಅಮ್ಮನ ಹೊಲಿಗೆ ಮೆಷಿನ್ನು ನಿಲ್ಲುತ್ತಿತ್ತು. ಆಸ್ಪತ್ರೆಯವರ ಗೌನು ಹೊಲಿಯುತ್ತಿದ್ದ ಅವಳು ಚಪ್ಪಲಿ ಬಿಡುವ ಸದ್ದು ಸರಿಯಿದೆಯಾ ಅಂತ ಆಲಿಸಿ ಆಮೇಲೆ ಮೆಷಿನ್ನು ತುಳಿಯುವಳು. ಅಕ್ಕ ಚಹಾ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಕಣ್ಣು ನೋಡುವಳು. ಕುಕ್ಕರ್ ಹಿಂದಿನಿಂದ ಹಾದುಹೋಗಿ ಮೂಸುವನು. ಎಲ್ಲಕ್ಕಿಂತ ಪಕ್ಕಾ ಪರೀಕ್ಷೆ ಅಜ್ಜಿಯದು.

"ಬಂದ್ಯಾ ಮಗಾ? ಈ ಸೂಜಿಗೊಂದು ದಾರ ಪೋಣಿಸಿಕೊಡು. ನನಗೆ ಕಣ್ಣು ಕಾಣ್ಸಲ್ಲ."

ಅಜ್ಜಿಗೆ ಬೀದಿಯ ಆ ತುದಿಯಲ್ಲಿ ಯಾರು ಯಾರ ಜೊತೆ ಹೋದರು ಅನ್ನುವುದೆಲ್ಲ ಕಾಣುತ್ತಿತ್ತು. ಅಪ್ಪ ಸೂಜಿಯನ್ನು ಬೆಳಕಿಗೆ ಹಿಡಿಯುವನು. ಮನೆಮಂದಿಯೆಲ್ಲ ಬೇರೆಬೇರೆ ಕೆಲಸ ಮಾಡುತ್ತಿರುವ ಹಾಗೆ ನಟಿಸುತ್ತ ಅವನ ಬೆರಳನ್ನೇ ನೋಡುವರು. ದಾರ ತೂತಿನೊಳಗೆ ನುಗ್ಗಿದ ಮೇಲೆ ಅನ್ನ ಬಡಿಸುವ ಶಬ್ದ.

"ಈ ಮನೇಲಿ ಹರಿದ ಬಟ್ಟೆ ಇಷ್ಟೊಂದಿದೆಯಾ ಅಮ್ಮಾ?" ಎಂದು ಒಂದು ದಿನ ಕೇಳಿದ.

"ಇದೆಯಪ್ಪಾ. ಹರಿದದ್ದಕ್ಕೇನು ಕೊರತೆ," ಎಂದಳು ಅಜ್ಜಿ.

ವಿಡಿಯೊ ಒಂದು ವಾರ ಸುಮ್ಮನಿತ್ತು. ತರಬೇತಿಯವರ ಗುಂಪಿನಿಂದ ಇನ್ನೊಂದು ಗುಂಪಿಗೆ, ಅಲ್ಲಿಂದ ಆರೋಗ್ಯ ಕೇಂದ್ರದ ಆಯಾಳ ಫೋನಿಗೆ ಬಂತು. ಅವಳು ಒಳ್ಳೆಯವಳೇ, ಆದರೆ ಬಾಯಿಗೆ ಬಾಗಿಲಿಲ್ಲ. ಮಾತ್ರೆಯ ಸಾಲಿನಲ್ಲಿ ನಿಂತವರಿಗೆ, "ನೋಡ್ರೀ ನಮ್ಮ ಸಿಸ್ಟರ್ ತಮ್ಮನ ನಾಟಕಾನ," ಎಂದು ತೋರಿಸಿದಳು. ಸಾಲಿನಲ್ಲಿದ್ದವರು ನೋಡಿ ನಕ್ಕರು. ಒಬ್ಬ, "ಇದು ಆ ಲಾರಿ ಡ್ರೈವರ್ರೇ ಕಣ್ರೋ! ಥೇಟ್ ಅವನೇ!" ಎಂದ. ನಾಲ್ಕು ಜನರ ಹಿಂದೆ ಲಾರಿ ಡ್ರೈವರ್ ನಿಂತಿದ್ದ. "ಎಲ್ಲಿ, ನನಗೂ ತೋರಿಸಿ," ಎಂದು ಕೈ ಚಾಚಿದ. ಪೂರ್ತಿ ನೋಡಿದ. ಫೋನು ವಾಪಸ್ಸು ಕೊಟ್ಟು, ತನ್ನ ಸರದಿ ಬರುವವರೆಗೆ ಕಾದು, ಮಾತ್ರೆ ತೆಗೆದುಕೊಂಡೇ ಹೋದ. ಇಷ್ಟೂ ಗೊತ್ತಾದದ್ದು ಆಯಾ ಅಳುತ್ತ ಅಕ್ಕನಿಗೆ ಹೇಳಿದ್ದರಿಂದ.

ಆ ಸಾಯಂಕಾಲ ಅನ್ನ, ಬೇಯಿಸಿದ ಮೊಟ್ಟೆ. ಎಲ್ಲರ ತಟ್ಟೆಗೆ ಒಂದೊಂದು, ಅಪ್ಪನ ತಟ್ಟೆಗೆ ಎರಡು ಬಿತ್ತು. ಅಪ್ಪ ಎರಡನೆಯದನ್ನು ಕುಕ್ಕರನ ತಟ್ಟೆಗೆ ದಾಟಿಸಿದ.

"ನಡುಗೋದು ಎಡಗೈ ಅಲ್ಲ," ಎಂದ. "ಬಲಗೈ."

ಕುಕ್ಕರ್ ತನ್ನ ಎಡಗೈ ನೋಡಿಕೊಂಡ.

"ದಿನಾ ಎದುರಿಗೆ ಕೂತು ಉಣ್ತೀಯಲ್ಲ, ಅದಕ್ಕೇ ಹಾಗೆ ಕಂಡಿದೆ. ಕನ್ನಡೀಲಿ ಕಂಡ ಹಾಗೆ." ಅಷ್ಟು ಹೇಳಿ ಊಟ ಮುಗಿಸಿ, ತನ್ನ ತಟ್ಟೆ ತಾನೇ ತೊಳೆದಿಟ್ಟ.

ಕುಕ್ಕರ್ ಆ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಸರಿಸಿದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಡೆದಿದ್ದರೆ ಇನ್ನೂ ಚೆನ್ನ. ತಪ್ಪು ತಿದ್ದಿದವನಿಗೆ ಏನು ಮಾಡುವುದು?

ಮುಂದಿನ ಶನಿವಾರ ಡಿಪೋದ ಕೆಲಸ ಮಧ್ಯಾಹ್ನಕ್ಕೇ ಮುಗಿಯುವ ದಿನ, ಅಪ್ಪ ಊಟಕ್ಕೆ ಬರಲಿಲ್ಲ. ಅಮ್ಮ ತಟ್ಟೆ ಮುಚ್ಚಿಟ್ಟಳು, ತೆಗೆದಳು, ಮತ್ತೆ ಮುಚ್ಚಿದಳು. ಅಕ್ಕ ಡಿಪೋಗೆ ಫೋನು ಮಾಡಿದರೆ, ಯಾವಾಗಲೋ ಹೊರಟ ಎಂದರು. ಕುಕ್ಕರ್ ಎರಡನೆಯ ಬಸ್ಸು ನಿಲ್ಲುವಲ್ಲಿಗೆ ಹೋಗಿ ಹೆಂಡದಂಗಡಿಯ ಒಳಗೆ ಒಂದೊಂದೇ ಬೆಂಚು ನೋಡಿ ಬಂದ. ಇರಲಿಲ್ಲ. ಅದರಿಂದ ಹೆದರಿಕೆ ಇಳಿಯುವ ಬದಲು ಏರಿತು. ಊರಲ್ಲಿ ಇರುವುದು ಅದೊಂದೇ ಅಂಗಡಿಯಾ?

ಬೆಳಕು ಮಂಕಾಗುವ ಹೊತ್ತಿಗೆ ಗೇಟು ಕಿರ್ ಎಂದಿತು. ನಲ್ಲಿಯ ಹತ್ತಿರ ಅಕ್ಕಪಕ್ಕದ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅಪ್ಪ ಬಂದ. ಮುಖ ತೊಳೆದಿತ್ತು, ಸೋಪಿನ ಘಮ. ಯಾರು ಮಧ್ಯಾಹ್ನ ಹೊರಗೆ ಸೋಪು ಹಾಕಿ ಮುಖ ತೊಳೆಯುತ್ತಾರೆ?

ಹೊಸ್ತಿಲಲ್ಲೇ ಅಜ್ಜಿ ಸೂಜಿ ನೀಡಿದಳು. ಅಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. "ಇವತ್ತು ಬೇಡಮ್ಮ."

ಅಮ್ಮ ಗೋಡೆಗೆ ಒರಗಿದಳು. ಕುಕ್ಕರ್ ಸೀಟಿ ಹೊಡೆದೇಬಿಟ್ಟ.

"ಬೇಡ ಅಂದ್ರೆ? ಕೈ ತೋರ್ಸು! ಎಲ್ಲಿ ಸತ್ತಿದ್ದೆ ಇಷ್ಟು ಹೊತ್ತು? ಊದು!"

"ಏ ಕುಕ್ಕರ್, ಒಳಗೆ ಬಾರೋ, ಜನ ನೋಡ್ತಿದ್ದಾರೆ," ಎಂದು ಅಕ್ಕ ತೋಳು ಹಿಡಿದಳು.

"ನೋಡ್ಲಿ! ಇವನ ನಾಟಕ ಊರೇ ನೋಡಿದೆ. ಊದು ಅಂದ್ನಲ್ಲ!"

ನಲ್ಲಿಯ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ. ಅಪ್ಪ ಮಗನ ಹತ್ತಿರ ಬಂದ. ಬಾಯಿ ತೆರೆದು, ಅವನ ಮುಖದ ಮೇಲೆ ಉದ್ದಕ್ಕೆ ಉಸಿರು ಬಿಟ್ಟ. ಬೆಳಗಿನಿಂದ ಏನೂ ತಿನ್ನದ ಹೊಟ್ಟೆಯ ವಾಸನೆ. ಬೇರೇನೂ ಇಲ್ಲ.

"ಸಾಕಾ, ಇನ್ನೊಂದು ಸಲ ಬೇಕಾ?" ಎಂದು ಕೇಳಿ ಒಳಗೆ ಹೋದ.

ಲಾರಿ ತೊಳೆಯಲು ಹುಡುಗ ಬಂದಿರಲಿಲ್ಲವಂತೆ. ಗೇಟಿನಾಚೆ ನಿಂತಿದ್ದ ತನ್ನ ಹಳೆಯ ಲಾರಿಯನ್ನು ತಾನೇ ತೊಳೆದು, ಅಲ್ಲಿನ ತೊಟ್ಟಿಯ ಹತ್ತಿರ ಮುಖ ತೊಳೆದು, ಸೀಟಿನಲ್ಲಿ ಸುಮ್ಮನೆ ಕೂತಿದ್ದನಂತೆ. ಇದನ್ನು ಅವನು ಅಮ್ಮನಿಗೆ ಹೇಳಿದ್ದು ಮಾರನೆಯ ಬೆಳಗ್ಗೆ.

ಸೋಮವಾರ ಅಕ್ಕ ಕೆಲಸದಿಂದ ಬಂದು ತಲೆಯ ಮೇಲೆ ಕೈ ಹೊತ್ತು ಕೂತಳು. ಪರೀಕ್ಷೆ ಬರುವ ವಾರ. ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ದಪ್ಪ ಕನ್ನಡಕದವರು, "ಆ ನಿನ್ನ ತಮ್ಮನೇ ರೋಗಿಯಾಗಲಿ, ಅವನಷ್ಟು ಯಾರೂ ಮಾಡಲ್ಲ," ಎಂದು ಹಟ ಹಿಡಿದಿದ್ದರು.

"ಆಗಲ್ಲ ಅಂದ್ಬಿಡು," ಎಂದಳು ಅಮ್ಮ, ಮೆಷಿನ್ನಿನ ಮೇಲಿಂದ ತಲೆ ಎತ್ತದೆ. "ಒಂದು ಸಲ ಮಾನ ಹೋದದ್ದು ಸಾಲದಾ?"

"ಹೇಳ್ದೆ ಅಮ್ಮಾ. ರೋಗಿ ಪಾರ್ಟಿಗೆ ಬೇರೆಯವರು ಸಿಕ್ಕೋದು ಮುಂದಿನ ತಂಡದ ಪರೀಕ್ಷೆಗಂತೆ. ಅಲ್ಲಿ ತನಕ ನನ್ನ ಮಧ್ಯಾಹ್ನ ನಿಲ್ಲಿಸ್ತಾರಂತೆ. ಸಾಲಲ್ಲಿ ಎಷ್ಟು ಜನ ಇದ್ದಾರೆ ಗೊತ್ತಾ? ಮಾತ್ರೆ ನಡುವೆ ನಿಂತ್ರೆ..." ಅಪ್ಪ ಇದ್ದಾನೆಂದು ನೆನಪಾಗಿ ನಿಲ್ಲಿಸಿದಳು.

"ನಾನಂತೂ ಆ ಕುರ್ಚೀಲಿ ಕೂರಲ್ಲ," ಎಂದ ಕುಕ್ಕರ್. "ಕುತ್ತಿಗೆ ಹಿಡಿದು ಕೂರಿಸಿದ್ರೂ ಕೂರಲ್ಲ."

"ಕೂತ್ಕೋ," ಎಂದ ಅಪ್ಪ. "ಈ ಸಲ ನೆಟ್ಟಗೆ ಮಾಡು. ಭಾನುವಾರ ನೀರಿನ ತೊಟ್ಟಿ ತೊಳೀಬೇಕಲ್ಲ, ಆಗ ಹೇಳಿಕೊಡ್ತೀನಿ."

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ಗೊತ್ತಾಗಲಿಲ್ಲ. "ಅಪ್ಪನೇ ಮಾಸ್ತರು, ಮಗನೇ ಪಾತ್ರಧಾರಿ. ನನಗೊಂದು ಟಿಕೆಟ್ ಇಡ್ರೋ," ಎಂದಳು.

ಭಾನುವಾರ ಅಪ್ಪ ಹಿತ್ತಲಿನ ಸಿಮೆಂಟು ತೊಟ್ಟಿಯೊಳಗೆ ಇಳಿದ. ಬ್ರಷ್ಷು ಉಜ್ಜುವ ಸದ್ದಿನ ಜೊತೆ ಅವನ ದನಿ ಒಳಗಿನಿಂದ ಗುಂಯ್‌ಗುಡುತ್ತ ಬರುತ್ತಿತ್ತು. ಕುಕ್ಕರ್ ಮೇಲೆ ನಿಂತು ರಾಡಿ ನೀರಿನ ಬಕೆಟ್ ಎಳೆದು ಚೆಲ್ಲುತ್ತಿದ್ದ. ಒಬ್ಬರಿಗೊಬ್ಬರ ಮುಖ ಕಾಣುತ್ತಿರಲಿಲ್ಲ.

"ಒಳಗೆ ಹೋದ ಕೂಡಲೇ ಬಾಗಿಲ ಹತ್ರದ ಕುರ್ಚಿ ನೋಡ್ತೀನಿ."

"ಯಾಕೆ?"

"ಎದ್ದು ಹೋಗೋಕೆ ಹಗುರ. ಆಮೇಲೆ ನೀರು ಕೇಳ್ತೀನಿ. ಬಾಯಿ ಒಣಗಿರುತ್ತೆ, ಆದ್ರೆ ಕುಡಿಯಲ್ಲ. ಲೋಟ ಎತ್ತಿದ್ರೆ ಚೆಲ್ಲುತ್ತಲ್ಲ, ಅದಕ್ಕೆ."

"ಕೈ?"

"ಕೈ ತೋರಿಸೋದೇ ಇಲ್ಲ ಮಾರಾಯಾ! ನೀನು ಅಲ್ಲಿ ಅದನ್ನ ಮೆರವಣಿಗೆ ಮಾಡಿಬಿಟ್ಟೆ. ನಡುಗೋದು ಶುರುವಾದ್ರೆ ಜೇಬಿಗೆ ಹಾಕ್ತೀನಿ. ಬಕೆಟ್ ಎಳಿ."

ಎಳೆದ. ಚೆಲ್ಲಿದ.

"ಎಷ್ಟು ಕುಡೀತೀರಿ ಅಂತ ಕೇಳಿದ್ರೆ?"

"ಅರ್ಧ ಹೇಳ್ತೀನಿ. ಡಾಕ್ಟರಿಗೆ ಅರ್ಧ. ನಿಮ್ಮಮ್ಮನಿಗೆ ಕಾಲು."

"ನನಗೆ?"

ಬ್ರಷ್ಷು ನಿಂತಿತು. "ನೀನು ಯಾವತ್ತು ಕೇಳಿದ್ದೆ?"

ಕುಕ್ಕರ್ ಹಗ್ಗವನ್ನು ಅಂಗೈಗೆ ಸುತ್ತಿಕೊಂಡ, ಬಿಚ್ಚಿದ. ಮೋಟಾರಿನೊಳಗೆ ಎಲ್ಲಿ ತಂತಿ ಸುಟ್ಟಿದೆ ಎಂದು ಮುಟ್ಟಿ ಹೇಳಬಲ್ಲ ಬೆರಳುಗಳು. ಈಗಲೂ ಬೇಕನ್ನಿಸುತ್ತಾ ಅಪ್ಪ, ಎಂದು ಕೇಳಬೇಕೆನ್ನಿಸಿತು. ಶನಿವಾರ ಆ ಲಾರಿಯ ಸೀಟಿನಲ್ಲಿ ಕೂತು ಏನು ಯೋಚಿಸ್ತಿದ್ದೆ ಅಂತ.

"ಇನ್ನೊಂದು ಬಕೆಟ್ ಕೊಡು," ಎಂದ.

ಪರೀಕ್ಷೆಯ ದಿನ ಅಪ್ಪ ಪೊರಕೆ ಹಿಡಿಯಲು ಡಿಪೋಗೆ ಹೋದ. ಅಮ್ಮ ಅಕ್ಕನ ಬಿಳಿ ಕೋಟಿಗೆ ಇಸ್ತ್ರಿ ಹಾಕಿದ್ದಳು, ಎರಡು ಸಲ. ದಪ್ಪ ಕನ್ನಡಕದವರು ಬಾಗಿಲಲ್ಲೇ ಕುಕ್ಕರನ ಬೆನ್ನು ತಟ್ಟಿ, "ಹೋದ ಸಲದ ಹಾಗೇ ಜೋರಾಗಿರ್ಲಿ. ಒಂದು ಮಾತು ನೆನಪಿಟ್ಕೋ, ರೋಗಿ ಮಧ್ಯದಲ್ಲಿ ಎದ್ದು ಹೋದ್ರೆ ಪರೀಕ್ಷೆ ಅಲ್ಲಿಗೆ ನಿಂತುಹೋಗುತ್ತೆ. ಕೂತಿರು, ಅಷ್ಟೇ," ಎಂದರು.

ಕುಕ್ಕರ್ ಬಾಗಿಲ ಹತ್ತಿರದ ಕುರ್ಚಿ ಹಿಡಿದ. ನೀರು ಕೇಳಿದ, ಕುಡಿಯಲಿಲ್ಲ. ಬಲಗೈ ಜೇಬಿನಲ್ಲಿಟ್ಟುಕೊಂಡ. ಅಕ್ಕನ ಮುಖ ಒಂದು ಕ್ಷಣ ಬಿಳಿಚಿಕೊಂಡಿತು; ಆಮೇಲೆ ಸಾವರಿಸಿಕೊಂಡಳು. ಎದುರಿಗೆ ಉದ್ದ ಮೇಜಿನ ಹಿಂದೆ ಮೂವರು ಪರೀಕ್ಷಕರು. ಗೋಡೆಯ ಗುಂಟ ಉಳಿದ ನರ್ಸುಗಳು.

"ದಿನಕ್ಕೆ ಎಷ್ಟಾಗುತ್ತೆ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

ಅರ್ಧ ಹೇಳಿದ. ಅಕ್ಕ ಗದರಲಿಲ್ಲ. "ಬೆಳಗ್ಗೆ ಎದ್ದ ಕೂಡಲೇ ಬೇಕನ್ನಿಸುತ್ತಾ?" ಎಂದಳು. "ಕೆಲಸದಲ್ಲಿ ಏನಾದ್ರೂ ತೊಂದ್ರೆ ಆಗಿದ್ಯಾ?" "ಬಿಡೋಣ ಅಂತ ಯಾವತ್ತಾದ್ರೂ ಅನ್ನಿಸಿದ್ಯಾ?" ಒಂದೊಂದಕ್ಕೂ ಅಪ್ಪ ತೊಟ್ಟಿಯೊಳಗಿಂದ ಹೇಳಿಕೊಟ್ಟ ಉತ್ತರ ಅವನ ಬಾಯಿಂದ ಬಂತು. ಪರೀಕ್ಷಕರಲ್ಲಿ ಒಬ್ಬರು ಮೆಚ್ಚಿ ತಲೆದೂಗಿದರು. ಕೈಯಲ್ಲಿದ್ದ ಹಾಳೆಯ ಪ್ರಶ್ನೆಗಳು ಮುಗಿಯುತ್ತ ಬಂದಿದ್ದವು. ಅಕ್ಕ ಆ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಸಾಯಂಕಾಲ ಮನೆಗೆ ಹೋಗ್ತೀರಲ್ಲ. ಬಾಗಿಲಲ್ಲಿ ಮನೆಯವರು ನಿಮ್ಮನ್ನ ಮೊದಲು ಏನು ಕೇಳ್ತಾರೆ?"

ಇದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ.

ಕುಕ್ಕರ್ ಬಾಯಿ ತೆರೆದ. ಸೂಜಿಗೆ ದಾರ ಪೋಣಿಸು ಅಂತಾರೆ. ಕೈ ತೋರ್ಸು ಅಂತಾರೆ. ಊದು ಅಂತಾರೆ. ಉಂಡ್ಯಾ, ದಣಿದ್ಯಾ, ಇವತ್ತು ಹೇಗಿತ್ತು? ಅವನು ತಡಕಿ ನೋಡಿದ. ಅಂಥದ್ದೊಂದು ಸಾಯಂಕಾಲ ಸಿಗಲಿಲ್ಲ. ಅಕ್ಕ ಅವನನ್ನೇ ನೋಡುತ್ತಿದ್ದಳು. ಅವಳ ಕೆಳತುಟಿ ಹಲ್ಲಿನ ನಡುವೆ ಸಿಕ್ಕಿತ್ತು. ಅವಳಿಗೂ ಆ ಮನೆಯ ಬಾಗಿಲು ಗೊತ್ತು.

ಅವನು ಎದ್ದ. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಗೋಡೆಯ ಗುಂಟ ಇದ್ದವರೆಲ್ಲ ನೆಟ್ಟಗಾದರು.

"ಕೂತ್ಕೊಳ್ಳೋ," ಎಂದು ದಪ್ಪ ಕನ್ನಡಕದವರು ಪಿಸುಗುಟ್ಟಿದರು. "ನಿಮ್ಮಕ್ಕನ ಪರೀಕ್ಷೆ ಕಣೋ!"

"ಏನಪ್ಪಾ, ಉತ್ತರ ಹೇಳಿ ಹೋಗು," ಎಂದರು ಮಧ್ಯದಲ್ಲಿದ್ದ ಪರೀಕ್ಷಕರು. "ಮನೇಲಿ ಏನು ಕೇಳ್ತಾರೆ?"

"ಕರೀಬೇಡಿ ಸಾರ್," ಅಕ್ಕನ ದನಿ ಸಣ್ಣಗೆ, ಆದರೆ ಒಡೆಯದೆ ಬಂತು. "ಅವರು ಹೋಗ್ಲಿ. ಕುರ್ಚಿ ಅಲ್ಲೇ ಇರ್ಲಿ. ಬಂದ್ರೆ ನಾನು ಇಲ್ಲೇ ಇರ್ತೀನಿ."

ಮೇಜಿನ ಹಿಂದೆ ಯಾರೋ ಪೆನ್ನಿನ ಟೋಪಿ ತೆಗೆದರು. ಪಾಸು ಎಂದು ಬರೆಯಲೋ ಫೇಲು ಎಂದು ಬರೆಯಲೋ, ನೋಡಲು ಅವನು ನಿಲ್ಲಲಿಲ್ಲ. ಕಾರಿಡಾರು ದಾಟಿ ಮೆಟ್ಟಿಲಿಳಿದ. ಬಲಗೈ ಇನ್ನೂ ಜೇಬಿನಲ್ಲೇ ಇತ್ತು. ಹೊರಗೆ ತೆಗೆಯಲು ಧೈರ್ಯವಾಗಲಿಲ್ಲ.

ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು. ಬಲಕ್ಕೆ ಹೋದರೆ ತಂತಿ ಸುತ್ತುವ ಅಂಗಡಿ, ಎಡಕ್ಕೆ ಹೋದರೆ ಅಪ್ಪನ ಡಿಪೋ. ಮೇಲಿನ ಕಿಟಕಿಯಿಂದ ದಪ್ಪ ಕನ್ನಡಕದವರು, "ಮನೇಲಿ ಏನು ಕೇಳ್ತಾರಪ್ಪಾ?" ಎಂದು ಇನ್ನೊಮ್ಮೆ ಕೂಗಿ ಕೇಳಿದರು. ಕುಕ್ಕರ್ ತಲೆ ಎತ್ತದೆ ಎಡಕ್ಕೆ ತಿರುಗಿ ನಡೆದ.